ಹೆಬ್ಬೆಟ್ಟಿನ ಒಪ್ಪಿಗೆ

ಕಂತು ಒಂಬತ್ತು

"ಗ್ಯಾಸ್ ಆರಿಸಿದವರು ಯಾರು?"

ಗುರುಸಿದ್ದಪ್ಪ ಒಲೆಯ ಮುಂದೆ ಬಗ್ಗಿ ನಿಂತು, ಹಂಚಿನ ಮೇಲಿದ್ದ ರೊಟ್ಟಿಯನ್ನು ಬೆರಳ ತುದಿಯಿಂದ ಎತ್ತಿ ನೋಡುತ್ತ ಕೇಳಿದರು. ನಾಲ್ಕು ದಿನದ ಹಿಂದಿನ ಜೋಳದ ರೊಟ್ಟಿ ಅದು, ಒಣಗಿ ಹಪ್ಪಳವಾಗಿತ್ತು. ಒಂದು ಮಗ್ಗುಲು ಬೆಂದಿತ್ತು. ಇನ್ನೊಂದು ಮಗ್ಗುಲು ಹಸಿ ಹಿಟ್ಟಿನ ಬಣ್ಣದಲ್ಲೇ ಉಳಿದಿತ್ತು.

ಬೃಂದಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಒಳಗೆ ಕಾಲಿಡಲು ಅವಳಿಗೆ ಧೈರ್ಯವಾಗಿರಲಿಲ್ಲ.

"ನನಗೇನು ಗೊತ್ತು ಕಾಕಾ. ಮೌಶೀನ ಆರಿಸಿರಬೇಕು."

"ರೊಟ್ಟಿ ಅರ್ಧಾ ಬೆಂದಿರೂಮುಂದ ಒಲಿ ಆರಿಸಿ ಹೊರಗ ಹೋಗ್ತಾಳೇನು? ದಿನಾ ಮೂವತ್ತು ಡಬ್ಬಿ ಕಟ್ಟೂ ಹೆಣ್ಮಗಳು?" ಗುರುಸಿದ್ದಪ್ಪ ರೊಟ್ಟಿಯನ್ನು ಹಂಚಿಗೇ ಬಿಟ್ಟು, ಪಕ್ಕದ ಬುಟ್ಟಿಯ ಬಟ್ಟೆ ಸರಿಸಿದರು. "ಬೆಂದದ್ದು ಆರ ಆರು. ಎರಡೂಮುಕ್ಕಾಲಕ್ಕ ಒಲಿ ಹಚ್ಚತಿದ್ಲು ಅಂತ ಆಕಿ ಮಗಳು ಹೇಳ್ಯಾಳ. ಹಂಗಂದ್ರ ಏಳನೇ ರೊಟ್ಟಿ ಹಂಚಿನ ಮ್ಯಾಲ ಬಿದ್ದಾಗ ಮೂರು ಗಂಟೆ. ಆವಾಗ ಯಾರೋ ಬಾಗಲಾ ಬಡದಾರ."

ಮರಾಠಿ ಸೀಮೆಯ ಆ ನಗರದಲ್ಲಿ, ಸೀತಾಬರ್ಡಿ ಪೇಟೆಯ ಬಟ್ಟೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಕೆಳಗಿನಿಂದ ಮೇಲಕ್ಕೆ ಗೋಡೆಗಳ ನಡುವೆ ಇಕ್ಕಟ್ಟಾದ ಹದಿನಾಲ್ಕು ಮೆಟ್ಟಿಲು. ಬುಧವಾರ, ಬೃಂದಾ ಮೌಶಿ ಎಂದು ಕರೆಯುವ ಸುಶೀಲಾಬಾಯಿ ಆ ಮೆಟ್ಟಿಲುಗಳ ಬುಡದಲ್ಲಿ ತಲೆ ಒಡೆದುಕೊಂಡು ಬಿದ್ದಿದ್ದರು. ನಾಲ್ಕೂವರೆಗೆ ಡಬ್ಬಿ ಒಯ್ಯಲು ಬಂದ ಆಟೋದವನು ನೋಡಿದ. ಅಂದಿನಿಂದ ಅವರು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದರು. ಪೊಲೀಸರು ಕಾಲು ಜಾರಿ ಬಿದ್ದದ್ದೆಂದು ಬರೆದುಕೊಂಡು ಹೋಗಿದ್ದರು.

ಹಾಗೆಂದು ನಂಬಿ ಸುಮ್ಮನಿರಲು ಬೃಂದಾಳಿಗೆ ಆಗಿರಲಿಲ್ಲ. ಗುರುವಾರ ಬೆಳಿಗ್ಗೆ ಅವಳು ಓಡಿದ್ದು ಗುರುಸಿದ್ದಪ್ಪನವರ ಮನೆಗೆ. ರೈಲ್ವೆ ವಿಜಿಲೆನ್ಸಿನಲ್ಲಿ ಮೂವತ್ತು ವರ್ಷ ಕಳ್ಳ ಲೆಕ್ಕ, ಖೊಟ್ಟಿ ಸಹಿ ಹಿಡಿದು ನಿವೃತ್ತರಾದ ಮನುಷ್ಯ. ಬಾಗಲಕೋಟೆ ಕಡೆಯವರು, ಅವಳ ಅಪ್ಪನ ಗೆಳೆಯರು. ಅವಳನ್ನು ಲಂಗ ತೊಟ್ಟ ದಿನದಿಂದ ಕಂಡವರು.

"ಒಲಿ ಆರಿಸ್ಯಾನ ಅಂದ್ರ ಆತ ಮನಿ ಸುಡಬಾರದು ಅನ್ನೂವಷ್ಟು ಒಳ್ಳೇಂವ," ಗುರುಸಿದ್ದಪ್ಪ ಕೈ ಒರೆಸಿಕೊಂಡರು. "ಕೆಳಗ ಒಂದು ಜೀವ ರಕ್ತದಾಗ ಬಿದ್ದತಿ, ಒಬ್ಬರನ್ನೂ ಕೂಗಿ ಕರೀಲಿಲ್ಲ ಅಂದ್ರ, ಅಷ್ಟ ಕೆಟ್ಟಾಂವ. ಇಂಥಾ ಮಂದೀನ್ನ ಹುಡುಕೂದು ಭಾಳ ಕಷ್ಟ ನೋಡವಾ."

ಅವರು ಒಳಕೋಣೆಯ ಟ್ರಂಕಿನ ಮುಚ್ಚಳ ತೆಗೆದು ತೋರಿಸಿದರು. ಸೀರೆಗಳ ಮಡಿಕೆ ಕೆಟ್ಟಿರಲಿಲ್ಲ. ಬಂಗಾರದ ಬೋರಮಾಳ ಸರ ಕರವಸ್ತ್ರದಲ್ಲಿ ಹಾಗೇ ಇತ್ತು. ಇರದೇ ಇದ್ದದ್ದು ಒಂದೇ, ಕಳಮೇಶ್ವರ ರಸ್ತೆಯ ಪ್ಲಾಟಿನ ಕಾಗದಗಳಿದ್ದ ಹಸಿರು ಫೈಲು. ಸುಶೀಲಾಬಾಯಿಯ ಗಂಡ ಸಂಗಪ್ಪ ಆರ್ಡ್‌ನನ್ಸ್ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದಾಗ ಕಂತು ಕಟ್ಟಿ ಕೊಂಡ ಪ್ಲಾಟು. ಆತ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

"ಇನ್ನೊಂದು ಮಾತು. ಆಕಿ ಬಲಗೈ ಹೆಬ್ಬೆಟ್ಟಿನ ಉಗುರಿನ ಸಂದ್ಯಾಗ ನೇರಳೆ ಶಾಯಿ ಐತಿ. ನೀ ಆ ಪ್ಲಾಟಿಗೆ ಮುಂಗಡ ಕೊಟ್ಟು ಇಸಾರ ಪತ್ರ ಬರಸ್ಕೊಂಡಾಗ ಹೆಬ್ಬೆಟ್ಟು ಒತ್ತಿಸಿದ್ದೇನು?"

"ಇಲ್ಲ ಕಾಕಾ. ಅವರು ಸಹಿ ಮಾಡಿದ್ರು."

ಅದು ಅವಳಿಗೆ ಮರೆಯುವಂಥದ್ದಲ್ಲ. ವಕೀಲರ ಗುಮಾಸ್ತ ಶಾಯಿಯ ಡಬ್ಬಿ ಮುಂದೆ ಸರಿಸಿದಾಗ ಸುಶೀಲಾಬಾಯಿ ಅದನ್ನು ಹಿಂದಕ್ಕೆ ತಳ್ಳಿದ್ದರು. ನಾ ಹೆಬ್ಬೆಟ್ಟು ಒತ್ತಾಕಿ ಅಲ್ಲ, ರೋಣದ ಸಾಲ್ಯಾಗ ಐದನೇತ್ತಾ ಪಾಸಾಗೀನಿ ಎಂದು ಹೇಳಿ, ಪೆನ್ನು ಹಿಡಿದು, ನಾಲಿಗೆ ತುಟಿಯ ಮೂಲೆಗೆ ತಂದು, ದುಂಡನೆಯ ಅಕ್ಷರಗಳಲ್ಲಿ 'ಸುಶೀಲಾಬಾಯಿ ಸಂಗಪ್ಪ' ಎಂದು ಬರೆದಿದ್ದರು. ಬರೆದು ಮುಗಿಸಿ ಬೃಂದಾಳ ಮುಖ ನೋಡಿ ನಕ್ಕಿದ್ದರು.

"ಕನ್ನಡದಾಗ ಮಾಡಿದ್ರು," ಎಂದಳು.

ಗುರುಸಿದ್ದಪ್ಪ ಅವಳನ್ನು ಒಂದು ಗಳಿಗೆ ನೋಡಿದರು. ಬಳಿಕ ಹೊರಗೆ ಬಂದು ಮೇಲಿನ ಮೆಟ್ಟಿಲ ಮೇಲೆ ಕುಳಿತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದರು.

"ಕುಂದ್ರು. ಮೂರು ದಿನದಿಂದ ನೋಡಾಕತ್ತೀನಿ, ನೀ ಏನೋ ನುಂಗಾಕತ್ತಿ. ಹೊರಗ ಹಾಕು."

ಬೃಂದಾ ಕುಳಿತಳು. ಕೆಳಗೆ ಮೆಟ್ಟಿಲ ಬುಡದಲ್ಲಿ ಯಾರೋ ನೀರು ಹಾಕಿ ತೊಳೆದಿದ್ದರು. ತೊಳೆದ ಕಲ್ಲು ಉಳಿದ ಕಲ್ಲಿಗಿಂತ ಬಿಳಿಯಾಗಿ ಕಾಣುತ್ತಿತ್ತು. ಭಾನುವಾರದ ಬೆಳಿಗ್ಗೆ, ಅಂಗಡಿಗಳಿನ್ನೂ ತೆರೆದಿರಲಿಲ್ಲ. ಬೀದಿಯಲ್ಲಿ ಕೈಗಾಡಿಯವರು ಮಾತ್ರ ತಾಡಪತ್ರಿ ಬಿಚ್ಚುತ್ತಿದ್ದ ಸದ್ದು.

"ಆ ಲೇಔಟ್ ಸಕ್ರಮ ಆಗಿದ್ದು ನನಗ ಮೊದಲ ಗೊತ್ತಿತ್ತು ಕಾಕಾ," ಎಂದಳು.

ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ.

ಟ್ಯೂಷನ್ ಕ್ಲಾಸಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು ಅವಳು. ಕಳೆದ ವರ್ಷ ಯಾರದೋ ಮಾತು ಕೇಳಿ ಧರಮಪೇಠದ ಭಾನುವಾರದ ಗುಂಪಿಗೆ ಹೋದಳು. ಜಾಗ ಕೊಳ್ಳುವವರು, ಮಾರುವವರು, ಕಟ್ಟುವವರು ವಾರಕ್ಕೊಮ್ಮೆ ಕೂಡಿ ನಾಷ್ಟಾ ಮಾಡುವ ಗುಂಪು. ಅದನ್ನು ನಡೆಸುತ್ತಿದ್ದವರು ಮಧ್ವೇಶ. ಕೈಯಲ್ಲಿ ಬಂಡವಾಳವಿಲ್ಲದೆಯೂ ಈ ವ್ಯವಹಾರಕ್ಕೆ ಇಳಿಯಬಹುದೆಂದು ಕಲಿಸಿದವರು ಅವರೇ. ಮಾರಬೇಕೆಂದಿರುವವರನ್ನು ಹುಡುಕು, ಮುಂಗಡ ಕೊಟ್ಟು ಇಸಾರ ಪತ್ರ ಬರೆಸಿಕೋ, ನೋಂದಣಿಗೆ ಮೊದಲೇ ಆ ಪತ್ರವನ್ನು ಹೆಚ್ಚಿನ ಬೆಲೆಗೆ ಇನ್ನೊಬ್ಬರಿಗೆ ದಾಟಿಸು, ನಡುವಿನದು ನಿನ್ನದು. ಜಾಗ ನಿನ್ನ ಹೆಸರಿಗೆ ಬರುವುದೇ ಬೇಡ.

ಆರು ತಿಂಗಳು ಬೃಂದಾ ಚಪ್ಪಲಿ ಸವೆಸಿದಳು. ಇಸ್ತ್ರಿ ಅಂಗಡಿಯವರು, ಹಾಲಿನವರು, ವಾಚ್‌ಮನ್‌ಗಳು, ಎಲ್ಲರಿಗೂ ಕಾರ್ಡು ಕೊಟ್ಟು, ಯಾರ ಮನೆ ಬೀಗ ಹಾಕಿದೆ, ಯಾರ ಜಾಗ ವ್ಯಾಜ್ಯದಲ್ಲಿದೆ ಎಂದು ಕೇಳಿದಳು. ಒಂದೂ ಕೈಗೂಡಲಿಲ್ಲ. ಕೊನೆಗೆ ಕೈಗೂಡಿದ್ದು, ತಾನು ವಾರಕ್ಕೆರಡು ಸಲ ರೊಟ್ಟಿ ಒಯ್ಯುತ್ತಿದ್ದ ಮನೆಯಲ್ಲಿ.

"ಆ ಲೇಔಟ್ ಅನಧಿಕೃತ, ಹತ್ತು ವರ್ಷಾದ್ರೂ ಯಾರೂ ಕೇಳಂಗಿಲ್ಲ ಅಂತ ಮೌಶಿ ತಿಳಕೊಂಡಿದ್ರು. ಸಕ್ರಮದ ಪಟ್ಟಿ ಬಂದದ್ದು ನಂಗ ಮಧ್ವೇಶ ಸರ್ ಹೇಳಿದ್ರು. ನಾ ಮೌಶಿಗೆ ಹೇಳಲಿಲ್ಲ. ಅರ್ಧಕ್ಕಿಂತ ಕಡಿಮಿ ಬೆಲಿಗೆ ಬರಸ್ಕೊಂಡೆ."

"ಮುಂದ?"

"ಪತ್ರ ಮರಾಠಿಯೊಳಗಿತ್ತು. ಅವರಿಗೆ ಕನ್ನಡ ಅಷ್ಟ ಓದಾಕ ಬರತೈತಿ. 'ನೀ ಓದಿ ಹೇಳು ತಂಗಿ, ನಿನ್ನ ಬಾಯಿಂದ ಕೇಳಿದ್ರ ಸಾಕು' ಅಂದ್ರು. ಬ್ಯಾರೆಯವರಿಗೆ ದಾಟಿಸಬಹುದು ಅನ್ನೂ ಸಾಲು ಬಂದಾಗ..." ಬೃಂದಾ ನಿಲ್ಲಿಸಿದಳು. "ಹಾಳಿ ತಿರುವಿಬಿಟ್ಟೆ."

ಗುರುಸಿದ್ದಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು.

"ಬುಧವಾರ ಮುಂಜಾನೆ ಮೌಶಿ ಫೋನ್ ಮಾಡಿದ್ರು. ಅವರ ಡಬ್ಬಿ ಉಣ್ಣೂ ಒಬ್ಬ ಕಚೇರಿಯವರು ಪಟ್ಟಿ ವಿಷಯ ಹೇಳಿದ್ರಂತ. 'ತಂಗಿ, ನಿನಗ ಗೊತ್ತಿತ್ತೇನು?' ಅಂತ ಕೇಳಿದ್ರು."

"ನೀ ಏನಂದಿ?"

"ಇಲ್ಲ ಮೌಶಿ ಅಂದೆ."

ಕೆಳಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು.

"'ಹಂಗಾದ್ರ ಇಬ್ಬರೂ ಮೋಸ ಹೋದ್ವಿ ಬಿಡು, ನಾ ಮಾರೂದಿಲ್ಲ, ನಿನ್ನ ರೊಕ್ಕ ಒಯ್ಯಿ' ಅಂದ್ರು. ಇಸಾರ ಪತ್ರ ನನ್ನಿಂದ ದಾಟಿಸ್ಕೊಂಡವರು ಮಧ್ವೇಶ ಸರ್. ಅವರಿಗೆ ಫೋನ್ ಮಾಡಿ ಕೆಲಸ ಕೆಡ್ತು ಅಂದೆ. ಸಂಜಿ ಒಳಗ ಆಕಿ ಕಡಿಂದ ಒಪ್ಪಿಗಿ ಪತ್ರ ತರದಿದ್ರ ಇನ್ನ ಮ್ಯಾಲ ನಿಮ್ಮ ಜೋಡಿ ವ್ಯವಹಾರ ಇಲ್ಲ ಅಂದ್ರು. ಅವರು ಬರದು ಕಳಿಸಿದ ಒಪ್ಪಿಗಿ ಪತ್ರ ನನ್ನ ಫೋನಿಗೆ ಬಂತು. ಅದು ಹಂಗ ಬಿದ್ದತಿ."

"ಫೋನ್ ವಿಷಯ ಮತ್ಯಾರಿಗೆ ಗೊತ್ತೈತಿ?"

"ಯಾರಿಗೂ ಇಲ್ಲ. ಮಧ್ವೇಶ ಸರ್ ಒಬ್ಬರಿಗೆ."

ಗುರುಸಿದ್ದಪ್ಪ ಮಂಡಿಯ ಮೇಲೆ ಕೈಯೂರಿ ಎದ್ದರು. "ಇವತ್ತ ಭಾನುವಾರ ಹೌದಲ್ಲೊ? ನಡಿ. ನಿಮ್ಮ ಗುಂಪಿನ ನಾಷ್ಟಾ ನಾನೂ ತಿಂತೀನಿ."

---

ಧರಮಪೇಠದ ಆ ಹೋಟೆಲಿನ ಮಹಡಿಯ ಹಾಲ್ ತುಂಬಿತ್ತು. ನಿವೃತ್ತ ಬ್ಯಾಂಕಿನವರು, ಸಣ್ಣ ಗುತ್ತಿಗೆದಾರರು, ಏಜೆಂಟರು, ಒಬ್ಬಿಬ್ಬರು ವಕೀಲರು. ಅವಲಕ್ಕಿ ಪೋಹೆಯ ಮೇಲೆ ಕಡಲೆಯ ಖಾರದ ರಸ ತರ್ರಿಯನ್ನು ಕೆಂಪಗೆ ಸುರಿದುಕೊಂಡು ತಿನ್ನುತ್ತ, ಒಬ್ಬೊಬ್ಬರಾಗಿ ಎದ್ದು ತಮ್ಮ ಬಳಿ ಏನಿದೆ, ತಮಗೇನು ಬೇಕು ಎಂದು ಒಂದೇ ನಿಮಿಷದಲ್ಲಿ ಹಿಂದಿಯಲ್ಲಿ ಹೇಳಿ ಕೂರುತ್ತಿದ್ದರು.

ಕೊನೆಯ ಸಾಲಿನಲ್ಲಿ ಹೊಸ ಹುಡುಗಿಯೊಬ್ಬಳು ಎದ್ದು ನಿಂತಳು. ಹೆಸರು ನಮ್ರತಾ. ನಾನು ಹೊಸಬಳು, ಎಲ್ಲಿಂದ ಶುರು ಮಾಡಬೇಕೋ ಗೊತ್ತಿಲ್ಲ ಎಂದಳು. ಕೈಯಲ್ಲಿ ಹೊಸ ನೋಟುಪುಸ್ತಕ.

"ಗೊತ್ತಿಲ್ಲವಾ? ಅಲ್ಲಿ ನೋಡು!" ಎಂದು ಮಧ್ವೇಶ ಬಾಗಿಲ ಕಡೆ ಕೈ ತೋರಿಸಿದರು. ನಲವತ್ತೈದರ, ಅಚ್ಚುಕಟ್ಟಾದ ಮನುಷ್ಯ. "ನಮ್ಮ ಬೃಂದಾ ಬಂದರು. ಆರು ತಿಂಗಳ ಹಿಂದೆ ನಿನ್ನ ಜಾಗದಲ್ಲೇ ಕೂತಿದ್ದರು. ಈಗ ಮೊದಲ ಡೀಲ್ ಮುಗಿಸಿದ್ದಾರೆ. ಚಪ್ಪಾಳೆ!"

ಇಪ್ಪತ್ತೈದು ಜನ ಚಪ್ಪಾಳೆ ತಟ್ಟಿದರು. ನಮ್ರತಾ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಬೃಂದಾ ನೆಲ ನೋಡುತ್ತ ಗೋಡೆಯ ಪಕ್ಕದಿಂದ ಸರಿದು ಹೋದಳು.

ಕೈ ತೊಳೆಯುವ ನಲ್ಲಿಯ ಬಳಿಯ ಮೂಲೆಯ ಟೇಬಲ್ಲಿಗೆ ಮಧ್ವೇಶ ತಾವೇ ಬಂದರು. ಅಪ್ಪನ ಸರ್ಕಾರಿ ನೌಕರಿಯಿಂದಾಗಿ ಮೈಸೂರಿನಿಂದ ಬಂದು ಇಲ್ಲೇ ಬೆಳೆದವರು. ಬೃಂದಾಳೊಂದಿಗೆ ಯಾವಾಗಲೂ ಕನ್ನಡವೇ.

"ಎಷ್ಟು ಸಲ ಫೋನ್ ಮಾಡೋದು ಬೃಂದಾ? ಎತ್ತೋದೇ ಇಲ್ಲ. ಇವರು?"

"ನಾ ಈಕಿ ಕಾಕಾ," ಎಂದರು ಗುರುಸಿದ್ದಪ್ಪ, ಪೋಹೆಯ ತಟ್ಟೆಯಿಂದ ತಲೆ ಎತ್ತದೆ. "ಒಂದ ಮಾತಿಗೆ ಬಂದೇನ್ರಿ. ಸುಶೀಲಾಬಾಯಿ ಇಸಾರ ರದ್ದು ಮಾಡ್ಯಾಳ. ನೀವು ಈಕಿಗೆ ಕೊಟ್ಟದ್ದು ತಗೊಂಡು ಕಾಗದ ವಾಪಸ್ ಕೊಡ್ರಿ."

"ರದ್ದು ಅಂತ ಯಾರು ಹೇಳಿದ್ದು?"

"ಬುಧವಾರ ಮುಂಜಾನೆ ಆಕೀನ ಹೇಳ್ಯಾಳ."

ಮಧ್ವೇಶ ನಕ್ಕರು. "ಬೆಳಿಗ್ಗೆ ಬೇಡ ಅಂದೋರು ಸಂಜೆ ಹೂಂ ಅಂತಾರೆ ಸರ್. ಈ ವ್ಯವಹಾರದಲ್ಲಿ ದಿನಾ ನೋಡ್ತೀವಿ. ನನ್ನ ಹತ್ರ ಅವರ ಒಪ್ಪಿಗೆ ಪತ್ರ ಇದೆ."

ಬೃಂದಾ ಕುಳಿತಲ್ಲಿಂದ ಅರ್ಧ ಎದ್ದಳು. ಗುರುಸಿದ್ದಪ್ಪ ಮಾತ್ರ ಚಮಚದಿಂದ ತರ್ರಿಯ ಕಡಲೆಯನ್ನು ಒತ್ತುತ್ತ, "ಬಾಯಿ ಮಾತಿಗೇನು, ಯಾರ ಬೇಕಾದ್ರೂ ಅನಬಹುದು," ಎಂದರು.

ಆ ಮಾತು ತಗುಲಿತು. ಮಧ್ವೇಶ ಕುರ್ಚಿಗೆ ನೇತುಹಾಕಿದ್ದ ಬ್ಯಾಗು ತೆರೆದರು. ಹಸಿರು ಫೈಲು ಮೊದಲು ಹೊರಬಂತು. ಅದರ ಮೇಲೆ ಒಂದು ಹಾಳೆ.

ಬೃಂದಾಳ ಫೋನಿಗೆ ಬಂದಿದ್ದ ಅದೇ ಪತ್ರ. ಅದೇ ಮರಾಠಿ ಸಾಲುಗಳು. ಕೆಳಗೆ ಸಹಿಯ ಜಾಗದಲ್ಲಿ ನೇರಳೆ ಬಣ್ಣದ ಹೆಬ್ಬೆಟ್ಟು.

ಗುರುಸಿದ್ದಪ್ಪ ಕೈ ಒರೆಸಿಕೊಂಡು, ಹಾಳೆಯನ್ನು ಮುಟ್ಟದೆ, ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಬೃಂದಾ, ಹೆಬ್ಬೆಟ್ಟು ಹೆಂಗೈತಿ ನೋಡು. ತಾನ ಒತ್ತಿದವರ ಬೆರಳಿನ ತುದಿ ಮ್ಯಾಲ ಇರತೈತಿ. ಇದು ಕೆಳಗೈತಿ. ತಲಿಕೆಳಗ. ಯಾರೋ ಎದುರಿಗೆ ಕುಂತು ಆಕಿ ಕೈ ಹಿಡದು ಒತ್ಯಾರ."

ಬೃಂದಾಳ ಕಣ್ಣ ಮುಂದೆ ಆ ಇಕ್ಕಟ್ಟು ಮೆಟ್ಟಿಲುಗಳ ಬುಡ ಬಂತು. ಎಚ್ಚರ ತಪ್ಪಿದ ಹೆಂಗಸಿನ ಸಡಿಲವಾದ ಕೈ. ಐದನೇ ತರಗತಿ ಪಾಸಾದೆನೆಂದು ಹೆಮ್ಮೆಪಟ್ಟ ಕೈ.

"ಬಿದ್ದ ಮ್ಯಾಲ ಒತ್ತಿಸ್ಕೊಂಡಾರ," ಎಂದಳು. ಅದು ಅವಳ ಬಾಯಿಂದಲೇ ಬಂದಿತೆಂದು ಅವಳಿಗೆ ತಿಳಿಯಲಿಲ್ಲ.

ಮಧ್ವೇಶರ ಮುಖದ ನಗು ಇಳಿಯಿತು. "ಏನು ಮಾತಾಡ್ತಿದ್ದೀರಿ? ಅವರು ಮೆಟ್ಟಿಲಿಂದ ಬಿದ್ದರು ಅಂತ ನಾನೂ ಕೇಳಿದೆ. ಅದಕ್ಕೆ ಮುಂಚೆ ಒಪ್ಪಿಗೆ ಕೊಟ್ಟಿರ್ತಾರೆ ಅಂತ ತಿಳ್ಕೊಂಡೆ."

"ಬುಧವಾರ ಮೂರು ಗಂಟೆಕ್ಕ ನೀವು ಎಲ್ಲಿದ್ರಿ?"

"ರಿಜಿಸ್ಟ್ರಾರ್ ಆಫೀಸಿನಲ್ಲಿ. ಹನ್ನೆರಡರಿಂದ ಐದೂವರೆವರೆಗೆ. ಈ ಹಾಲಿನಲ್ಲೇ ನಾಲ್ಕು ಜನ ನನ್ನ ಜೊತೆ ಇದ್ದರು, ಕೇಳಿ."

"ಸಹಿ ಮಾಡಾಕ ಬರೂ ಹೆಣ್ಮಗಳು ಹೆಬ್ಬೆಟ್ಟು ಯಾಕ ಒತ್ತಿದ್ಲು ಅಂತ ಕೇಳಲಿಲ್ಲೇನು?"

"ನಾನು ಕೇಳಲಿಲ್ಲ." ಮಧ್ವೇಶ ಒಮ್ಮೆ ಹಾಲಿನ ಕಡೆ ನೋಡಿ ದನಿ ತಗ್ಗಿಸಿದರು. "ನಾನು ಯಾರನ್ನೂ ಬೀಳಿಸು ಅಂತ ಹೇಳಿಲ್ಲ ಸರ್. ಸಂಜೆಯೊಳಗೆ ಒಪ್ಪಿಗೆ ಬೇಕು ಅಂದೆ, ಅಷ್ಟೇ. ಮೊದಲ ಪತ್ರವನ್ನ ಪೂರ್ತಿ ಓದಿ ಹೇಳಿ ಅಂತಾನೂ ಅಂದಿದ್ದೆ. ಹೇಳಿದ್ದೀರಾ ಬೃಂದಾ? ಆಣೆ ಮಾಡಿ ಹೇಳಿ, ಓದಿ ಹೇಳಿದ್ದೀರಾ?"

ಬೃಂದಾ ಮುಖ ತಿರುಗಿಸಿದಳು. ಆಚೆ ನಮ್ರತಾ ಯಾರದೋ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದಳು.

"ಆಕಿ ತಪ್ಪು ಆಕಿ ಒಪ್ಪಿಕೊಂಡಾಳ," ಎಂದರು ಗುರುಸಿದ್ದಪ್ಪ. "ನಿಮ್ಮದು ಹೇಳ್ರಿ. ಈ ಪತ್ರ, ಈ ಫೈಲ್ ನಿಮ್ಮ ಕೈಗೆ ತಂದುಕೊಟ್ಟವರು ಯಾರು?"

ಮಧ್ವೇಶ ಒಮ್ಮೆ ಅವರನ್ನು, ಒಮ್ಮೆ ಬೃಂದಾಳನ್ನು ನೋಡಿದರು. ಈ ಸಲ ಅವರ ಮುಖದಲ್ಲಿದ್ದ ಆಶ್ಚರ್ಯದಲ್ಲಿ ನಾಟಕವಿರಲಿಲ್ಲ.

"ಇದೇನು ಸರ್ ಹೀಗೆ ಕೇಳ್ತೀರಿ? ಇವರೇ ಕಳಿಸಿದ್ದಲ್ವಾ? ಐದು ಗಂಟೆಗೆ ರಿಜಿಸ್ಟ್ರಾರ್ ಆಫೀಸಿನ ಗೇಟಿಗೇ ಬಂದು ಕೊಟ್ಟರು. ಇವರ ಯಜಮಾನ್ರು. ಶಿವಪ್ರಸಾದ್."

---

ಶಿವಪ್ರಸಾದ್ ಕಳಮೇಶ್ವರದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಬುಧವಾರ ಎಂದಿನಂತೆ ಡಬ್ಬಿ ಹಿಡಿದು ಹೋಗಿದ್ದ, ಎಂದಿನಂತೆ ಆರು ಗಂಟೆಗೆ ಬಂದಿದ್ದ. ಸುಶೀಲಾಬಾಯಿಯ ಸುದ್ದಿ ಕೇಳಿದೊಡನೆ ಅವನೇ ಸ್ಕೂಟರ್ ತೆಗೆದು ಬೃಂದಾಳನ್ನು ಆಸ್ಪತ್ರೆಗೆ ಕರೆದೊಯ್ದಿದ್ದ. ರಕ್ತ ಬೇಕೆಂದಾಗ ಎಲ್ಲರಿಗಿಂತ ಮೊದಲು ಅಂಗಿಯ ತೋಳು ಮಡಚಿದವನೂ ಅವನೇ.

ಬುಧವಾರ ಬೆಳಿಗ್ಗೆ ಸುಶೀಲಾಬಾಯಿಯ ಫೋನ್ ಬಂದಾಗ ಅವನು ಅಡುಗೆಮನೆಯಲ್ಲೇ ನಿಂತು ಚಹಾ ಕುಡಿಯುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಆದರೂ ಯಾರಿಗೆ ಗೊತ್ತು ಎಂದು ಗುರುಸಿದ್ದಪ್ಪ ಕೇಳಿದಾಗ ಬೃಂದಾಳ ಬಾಯಿಗೆ ಅವನ ಹೆಸರು ಬಂದಿರಲಿಲ್ಲ. ಕಟ್ಟಿಕೊಂಡ ಗಂಡನನ್ನು ಯಾರು ಬೇರೆಯವರೆಂದು ಎಣಿಸುತ್ತಾರೆ?

"ಫೋನ್ ಹಚ್ಚು," ಎಂದರು ಗುರುಸಿದ್ದಪ್ಪ. "ಸ್ಪೀಕರ್ ಮ್ಯಾಲ ಇಡು. ಎಲ್ಲಿದ್ದಾನ ಅಷ್ಟ ಕೇಳು."

ಅವಳ ಬೆರಳು ಎರಡು ಸಲ ತಪ್ಪು ಹೆಸರಿನ ಮೇಲೆ ಬಿತ್ತು. ಮೂರನೆಯ ಸಲ ಹತ್ತಿತು.

"ಹಾಂ ಬೃಂದಾ, ಹೇಳು."

"ಎಲ್ಲಿದ್ದೀರಿ?"

"ದವಾಖಾನ್ಯಾಗ. ಮೌಶಿ ಹಂತೇಕ ಕುಂತೀನಿ. ಆಕಿಗೆ ಎಚ್ಚರಾಗೇತಿ." ಶಿವಪ್ರಸಾದನ ದನಿ ತಣ್ಣಗಿತ್ತು. ಊಟವಾಯಿತೇ ಎಂದು ಕೇಳುವಾಗಿನ ದನಿ.

"ಪ್ರೇಕ್ಷಾ ಎಲ್ಲಿ?" ಪ್ರೇಕ್ಷಾ ಸುಶೀಲಾಬಾಯಿಯ ಒಬ್ಬಳೇ ಮಗಳು. ಬುಧವಾರದಿಂದ ತಾಯಿಯ ಹತ್ತಿರದಿಂದ ಕದಲಿರಲಿಲ್ಲ.

"ಚಹಾ ಕುಡಿದು ಬಾ ಅಂತ ಕೆಳಗ ಕಳಿಸೀನಿ. ಪಾಪ, ಹುಡುಗಿ ಭಾಳ ದಣದಾಳ."

"ನೀವು ಹೊರಗ ಬರ್ರಿ. ಈಗ ಬರ್ರಿ."

"ಯಾಕ ಹಿಂಗ ಗಾಬರಿ ಆಗಾಕತ್ತಿ? ನೀ ಚಿಂತಿ ಮಾಡಬ್ಯಾಡ. ನಾ ಆಕಿ ಜೋಡಿ ಸಮಾಧಾನಲೆ ಮಾತಾಡ್ತೀನಿ. ಎಲ್ಲಾ ಬರೋಬರ್ ಆಗತೈತಿ."

ಫೋನಿನೊಳಗೆ ಏನೋ ಸರಿದ ಸದ್ದು. ನಂತರ ಇನ್ನೊಂದು ದನಿ ಬಂತು. ತೇವ ಆರಿದ ಬಾಯಿಯ, ಕ್ಷೀಣವಾದ ದನಿ. ಆದರೂ ಆ ದನಿಯನ್ನು ಬೃಂದಾ ಗುರುತಿಸದೆ ಇರುವಂತಿರಲಿಲ್ಲ.

"ಬೃಂದವ್ವಾ... ಬೃಂದಾ ಕಳಿಸ್ಯಾಳ ಅಂತ ಅಂದ... ಅದಕ್ಕ ಬಾಗಲಾ ತೆಗದೆ. ಖರೇನ ನೀ ಕಳಿಸಿದ್ದೇನವಾ?"

ಫೋನ್ ಕಟ್ಟಾಯಿತು.

ಗುರುಸಿದ್ದಪ್ಪ ಆಗಲೇ ಎದ್ದು ನಿಂತಿದ್ದರು. ಹಸಿರು ಫೈಲನ್ನೂ ಪತ್ರವನ್ನೂ ಕರವಸ್ತ್ರದಲ್ಲಿ ಹಿಡಿದು ಕಂಕುಳಿಗೆ ಸಿಕ್ಕಿಸಿದರು. ಮಧ್ವೇಶ ತಡೆಯಲು ಕೈ ಚಾಚಿ, ಅವರ ಮುಖ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡರು.

---

ಆಟೋ ಓಡುತ್ತಿತ್ತು. "ಜಲ್ದಿ ಭಾವೂ, ಜಲ್ದಿ," ಎಂದು ಗುರುಸಿದ್ದಪ್ಪ ಮುಂದಿನ ಸೀಟಿನ ಸರಳು ಬಡಿದರು. ಆಸ್ಪತ್ರೆಯ ಸ್ವಾಗತದವರ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅವರು ಠಾಣೆಗೆ ಫೋನ್ ಹಚ್ಚಿ, ಎರಡೇ ಮಾತಿನಲ್ಲಿ ಹೇಳಿ, ಕೋಣೆಯ ನಂಬರ್ ಕೊಟ್ಟು ಇಟ್ಟರು.

ಬೃಂದಾಳಿಗೆ ಪ್ರೇಕ್ಷಾ ಸಿಕ್ಕಳು.

"ದೀದಿ? ನಾ ಕ್ಯಾಂಟೀನ್‌ದಾಗ ಅದೀನಿ. ಶಿವಪ್ರಸಾದ್ ಜೀಜಾಜಿ ಮ್ಯಾಲ ಅದಾರ ನಾ, ಟೆನ್ಷನ್ ನಹೀ."

"ಪ್ರೇಕ್ಷಾ, ಓಡು. ಅವ್ವನ ಕಡೆ ಓಡು. ದಾರ್ಯಾಗ ನರ್ಸ್ ಸಿಕ್ಕರ ಕರಕೊಂಡು ಹೋಗು. ಫೋನ್ ಇಡಬ್ಯಾಡ."

"ಕಾಯ್ ಝಾಲಾ ದೀದಿ?"

"ಓಡು ಅಂದೆ!"

ಕುರ್ಚಿ ಹಿಂದಕ್ಕೆ ಸರಿದ ಸದ್ದು. ಆಮೇಲೆ ಚಪ್ಪಲಿಯ ಪಟಪಟ, ಏದುಸಿರು. ಲಿಫ್ಟು ಮೇಲೆ ಹೋಗಿದೆ ಎಂದು ಯಾರೋ ಮರಾಠಿಯಲ್ಲಿ ಹೇಳಿದ್ದು ಕೇಳಿಸಿತು. ಮೂರು ಮಹಡಿ ಹತ್ತಬೇಕಿತ್ತು ಆ ಹುಡುಗಿ.

ಬೃಂದಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ಗುರುಸಿದ್ದಪ್ಪ ಅವಳ ಕಡೆ ತಿರುಗಿದರು. ಆ ಮುಖದಲ್ಲಿ ಅಪ್ಪನ ಗೆಳೆಯ ಕಾಣಲಿಲ್ಲ. ಮೂವತ್ತು ವರ್ಷ ಕಳ್ಳರ ಎದುರು ಕುಳಿತ ಅಧಿಕಾರಿ ಕಂಡರು.

"ನೀವು ಕಳಿಸಿದ್ರೇನು?"

ಚಿಕ್ಕಂದಿನಿಂದ ನೀ, ನೀ ಎಂದವರು ಮೊದಲ ಸಲ ಅವಳನ್ನು ನೀವು ಎಂದಿದ್ದರು.

ಇಲ್ಲ ಎನ್ನಲು ಬೃಂದಾ ಬಾಯಿ ತೆರೆದಳು. ಆ ಪದ ನಾಲಿಗೆಯ ತುದಿಗೆ ಬಂದೂ ಇತ್ತು. ಬುಧವಾರ ಬೆಳಿಗ್ಗೆ ಇದೇ ಪದವನ್ನು ಅವಳು ಎಷ್ಟು ಸಲೀಸಾಗಿ ಹೇಳಿದ್ದಳು! ಮೌಶಿ ನಂಬಿಯೂ ಬಿಟ್ಟಿದ್ದರು.

ಅಂದು ಮಧ್ವೇಶರ ಫೋನ್ ಇಟ್ಟ ಮೇಲೆ ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ಅತ್ತಿದ್ದಳು. ಆರು ತಿಂಗಳ ದುಡಿಮೆ ನೀರಾಯಿತು ಎಂದು ಅತ್ತಿದ್ದಳು. ಶಿವಪ್ರಸಾದ್ ಕಪ್ಪು ಕೆಳಗಿಟ್ಟು ಪಕ್ಕಕ್ಕೆ ಬಂದು ನಿಂತಿದ್ದ. ಆಗ ಅವಳು ಕಣ್ಣೊರೆಸಿಕೊಳ್ಳುತ್ತ ಅವನಿಗೆ ಅಂದದ್ದು ಎರಡು ಮಾತು. ಪತ್ರವನ್ನು ಅವನ ಫೋನಿಗೆ ಕಳಿಸಿದವಳೂ ಅವಳೇ. ಅವನು ಸುಮ್ಮನೆ ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ಹೋದ. ಆ ಮಾತು ಅಲ್ಲಿಗೇ ಬಿತ್ತು ಎಂದು ಅವಳು ಅಂದುಕೊಂಡಳು. ಸಂಜೆ ಮೌಶಿ ಬಿದ್ದ ಸುದ್ದಿ ಬಂದ ಮೇಲೂ, ಗಂಡ ಕಳಮೇಶ್ವರದಲ್ಲಿದ್ದನಲ್ಲ ಎಂದು, ಆ ಮಾತಿನ ಹತ್ತಿರಕ್ಕೂ ಅವಳು ಹೋಗಲಿಲ್ಲ.

"ಹೌದ್ರಿ," ಎಂದಳು. "ನಾನ ಕಳಿಸಿದ್ದೆ."

"ಏನಂತ ಹೇಳಿ ಕಳಿಸಿದ್ರಿ?"

"ನೀವರೆ ಒಂದು ಸಲ ಹೋಗಿ ಬರ್ರಿ, ನನ್ನ ಹೆಸರು ಹೇಳಿದ್ರ ಬಾಗಲಾ ತೆಗೀತಾರ ಅಂದೆ. ಏನರೆ ಮಾಡಿ ಒಪ್ಪಿಸ್ರಿ ಅಂದೆ. ಏನರೆ ಮಾಡಿ." ಅವಳಿಗೆ ಅಳು ಬರಲಿಲ್ಲ. "ಠಾಣೆದವರಿಗೆ ನನ್ನ ಹೆಸರೂ ಹೇಳ್ರಿ ಕಾಕಾ."

ಗುರುಸಿದ್ದಪ್ಪ ಏನನ್ನೋ ಹೇಳಲು ಹೊರಟರು. ಅಷ್ಟರಲ್ಲಿ ಫೋನಿನೊಳಗಿನ ಚಪ್ಪಲಿಯ ಸದ್ದು ನಿಂತಿತು. ಬಡಿಯುವ ಸದ್ದು ಶುರುವಾಯಿತು. ಅಂಗೈಯಿಂದ ಬಡಿಯುತ್ತಿದ್ದಾಳೆ. ಈಗ ಮುಷ್ಟಿಯಿಂದ.

"ಪ್ರೇಕ್ಷಾ? ಪ್ರೇಕ್ಷಾ, ಏನಾತು?"

"ದೀದಿ..." ಹುಡುಗಿಯ ಉಸಿರು ಕಟ್ಟಿತ್ತು. "ಬಾಗಲಾ ಒಳಗಿಂದ ಹಾಕೈತಿ. ಜೀಜಾಜಿ ಅಳಾಕತ್ತಿದ್ದು ಕೇಳಸ್ತೈತಿ. ಆಯಿ... ಅವ್ವನ ದನಿ ಬರವಲ್ದು."